ಸ್ಪೀಟ್ಸಿನಿಂದ ರಿಟರ್ನ್

ಹೋಟೆಲಿನ ಕೋಣೆ, ಇಂಟರ್‌ಲಾಕನ್

ಆ ದಿನ ಹೊರಡುವ ಮೊದಲು ಮಾಡಿದ ಕೆಲಸಗಳು ಇವು. ಹಿಂದಿನ ಸಂಜೆ ಬೇಸಿನ್ನಿನಲ್ಲಿ ಒಗೆದ ಬನಿಯನ್ನುಗಳು ಇನ್ನೂ ತಣ್ಣಗಿದ್ದವು, ಅವನ್ನು ಕಿಟಕಿಯ ಬಿಸಿಲಿಗೆ ತಿರುಗಿಸಿ ಹಾಕಿದೆ. ಬಾಟಲಿಗಳಿಗೆ ನಲ್ಲಿಯ ನೀರು ತುಂಬಿಸಿದೆ. ಇಲ್ಲಿ ನಲ್ಲಿಯ ನೀರನ್ನೇ ಕುಡಿಯಬಹುದು ಎಂದು ಟೂರ್ ಲೀಡರ್ ಹೇಳಿದ್ದರೂ ನನಗೆ ಧೈರ್ಯ ಬಂದದ್ದು ನಿಧಾನಕ್ಕೆ. ಅತ್ತಿಗೆಯ ಮೊಣಕಾಲಿಗೆ ಎಣ್ಣೆ ತಿಕ್ಕಿ ಪಟ್ಟಿ ಕಟ್ಟಿದೆ. ಇವರಿಗೆ ಬಿ.ಪಿ. ಮಾತ್ರೆ ಕೊಟ್ಟೆ. ಡೊಂಬಿವಲಿಯ ಪಕ್ಕದ ಮನೆಯ ಜೋಶಿಬಾಯಿಗೆ ಫೋನು ಮಾಡಿ, ತುಳಸಿಗೆ ನೀರು ಹಾಕಿದಿರಾ, ನಮ್ಮ ಬಾಗಿಲ ಹತ್ತಿರ ಗ್ಯಾಸಿನ ವಾಸನೆ ಏನಾದರೂ ಬರುತ್ತಿದೆಯಾ ಎಂದು ಕೇಳಿದೆ. ನಿನ್ನೆಯೂ ಇದನ್ನೇ ಕೇಳಿದ್ದಿರಿ ವಹಿನಿ, ಎಂದರು ಅವರು ಮರಾಠಿಯಲ್ಲಿ. ಕೊನೆಗೆ ಚಕ್ಕುಲಿಯ ಡಬ್ಬಿ ತೆಗೆದು ಒಡೆದವನ್ನು ಕೆಳಗೆ ಹಾಕಿ, ಇಡಿಯಾಗಿ ಉಳಿದವು ಮೇಲೆ ಬರುವ ಹಾಗೆ ಜೋಡಿಸಿದೆ.

ಚಕ್ಕುಲಿ ನಮಗಲ್ಲ, ರೂತ್‌ಗೆ.

ರೂತ್ ಯಾರು ಎಂದು ಹೇಳುವ ಮೊದಲು ಅತ್ತಿಗೆಯ ವಿಷಯ ಹೇಳಬೇಕು. ವಸಂತಿ ಅತ್ತಿಗೆ ಇವರ ಅಕ್ಕ. ಮದುವೆ ಮಾಡಿಕೊಳ್ಳಲಿಲ್ಲ. ಉಡುಪಿಯಿಂದ ಬಂದು ಥಾಣೆಯ ಕೋಪರಿಯಲ್ಲಿ ಒಂದು ರೂಮು-ಕಿಚನ್ನಿನ ಮನೆ ಮಾಡಿ, ಇವರನ್ನು ಕರೆಸಿಕೊಂಡು ಓದಿಸಿದರು. ಬೇಲಾಪುರ ರಸ್ತೆಯಲ್ಲಿದ್ದ ಒಂದು ಬಣ್ಣದ ಕಾರ್ಖಾನೆಯಲ್ಲಿ ಅವರು ಟೆಲಿಫೋನ್ ಆಪರೇಟರ್. ಕಾರ್ಖಾನೆಯ ಹೆಡ್ ಆಫೀಸು ಸ್ವಿಟ್ಜರ್ಲೆಂಡಿನಲ್ಲಿ. ಅಲ್ಲಿಯ ಟೆಲಿಫೋನ್ ಬೋರ್ಡಿನಲ್ಲಿ ಕೂತಿದ್ದವಳು ರೂತ್. ಟ್ರಂಕ್‌ಕಾಲಿನ ಕಾಲದಿಂದ ಹಿಡಿದು ಕಾರ್ಖಾನೆಗೆ ಬೀಗ ಬೀಳುವವರೆಗೂ ಈ ಇಬ್ಬರು ದಿನಾ ಇಂಗ್ಲಿಷಿನಲ್ಲಿ ಮಾತಾಡಿದ್ದಾರೆ. ಸಾಹೇಬರು ಲೈನಿಗೆ ಬರುವವರೆಗೆ ಸಿಗುವ ಅಷ್ಟಿಷ್ಟು ಹೊತ್ತಿನಲ್ಲಿ ಮಳೆ, ಊಟ, ಮೊಣಕಾಲು, ಅಮ್ಮ ತೀರಿಕೊಂಡದ್ದು, ಬೆಕ್ಕು ಮರಿ ಹಾಕಿದ್ದು, ಎಲ್ಲ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಅತ್ತಿಗೆ ಡಬ್ಬಿಯಿಂದ ಚಕ್ಕುಲಿ ಕಡಿಯುತ್ತ ಮಾತಾಡಿದರೆ ಆ ಕಡೆಯಿಂದ ರೂತ್, "ಟಾನಾ, ಲೈನ್ ಸರಿ ಇಲ್ಲ, ಏನೋ ಕರಕರ ಅಂತಿದೆ" ಎನ್ನುತ್ತಿದ್ದಳಂತೆ. ಆಕೆಗೆ ಅತ್ತಿಗೆಯ ಹೆಸರು ಗೊತ್ತಿದ್ದರೂ ಕರೆಯುತ್ತಿದ್ದದ್ದು 'ಟಾನಾ' ಎಂದೇ. ಆಪರೇಟರುಗಳಿಗೆ ಊರೇ ಹೆಸರು, ಅವಳಿಗೆ ಥಾಣೆ ಎನ್ನಲು ನಾಲಿಗೆ ತಿರುಗುತ್ತಿರಲಿಲ್ಲ. ಅತ್ತಿಗೆ ಅವಳಿಗೆ ಒಂದು ಮಾತು ಕಲಿಸಿದ್ದರು, 'ಸ್ವಲ್ಪ ನಿಲ್ಲಿ'. ಲೈನು ಜೋಡಿಸುವಾಗ ಇಬ್ಬರೂ ಅದನ್ನೇ ಹೇಳುವುದು. ರೂತ್‌ಳ ಬಾಯಲ್ಲಿ ಅದು 'ಸೊಲ್ಪಾ ನಿಲ್ಲಿ'. ಇದಕ್ಕೆ ಬದಲಾಗಿ ಅತ್ತಿಗೆ ಕಲಿತದ್ದು ಅವಳ ಬೈಗುಳಗಳನ್ನು. ಪಕ್ಕದಲ್ಲಿ ಯಾರಾದರೂ ಅವಸರ ಮಾಡಿದರೆ ರೂತ್ ಫೋನಿಗೆ ಕೈ ಅಡ್ಡ ಹಿಡಿದು ಅವರನ್ನು ಬೈಯುತ್ತಿದ್ದಳು. ಕೈಯ ಸಂದಿಯಿಂದ ಎಲ್ಲ ಕೇಳುತ್ತಿತ್ತು.

ಈಗ ರೂತ್‌ಗೆ ಕಿವಿ ಪೂರ್ತಿ ಹೋಗಿದೆ. ಫೋನು ಮಾಡಿ ಪ್ರಯೋಜನವಿಲ್ಲ. ಥೂನ್ ಎಂಬ ಊರಿನ ಮೇಲಿನ ಗುಡ್ಡದಲ್ಲಿ ಒಂದು ವೃದ್ಧಾಶ್ರಮದಲ್ಲಿದ್ದಾಳೆ, ಓಡಾಡುವುದು ಗಾಲಿಕುರ್ಚಿಯಲ್ಲಿ ಎಂದು ಅವಳ ತಂಗಿಯ ಮಗಳು ಇಮೇಲಿನಲ್ಲಿ ತಿಳಿಸಿದ್ದಳು. ನಮ್ಮ ಟೂರಿನಲ್ಲಿ ಇಂಟರ್‌ಲಾಕನ್ನಿನಲ್ಲಿ ಒಂದು ದಿನ ಎಲ್ಲರೂ ಹಿಮದ ಶಿಖರಕ್ಕೆ ಹೋಗುವುದಿತ್ತು, ಮರುದಿನ ಇಟಲಿ. ಆ ಹಿಮದ ದಿನವನ್ನು ಬಿಟ್ಟರೆ ಥೂನಿಗೆ ಹೋಗಿ ಬರಬಹುದು. ಅವತ್ತು ಆಶ್ರಮಕ್ಕೆ ಬರುವ ಸ್ವಯಂಸೇವಕರೊಬ್ಬರು ರೂತ್‌ಳನ್ನು ಕಾರಿನಲ್ಲಿ ಸ್ಟೇಶನ್ನಿಗೆ ಕರೆತರುತ್ತಾರೆ. ಅವಳು ಪ್ಲ್ಯಾಟ್‌ಫಾರಮ್ಮಿನ ಗಡಿಯಾರದ ಕೆಳಗೆ ಕಾಯುತ್ತಾಳೆ. ಮಧ್ಯಾಹ್ನದ ಊಟದ ಹೊತ್ತಿಗೆ ಅವಳನ್ನು ವಾಪಸ್ ಮುಟ್ಟಿಸಲೇಬೇಕು. ಇಷ್ಟು ಗೊತ್ತುಪಡಿಸಿಕೊಂಡು ಬಂದಿದ್ದೆವು. ಮತ್ತೊಮ್ಮೆ ಭೇಟಿಯಾಗುವ ವಯಸ್ಸು ಅತ್ತಿಗೆಗೂ ರೂತ್‌ಗೂ ಇರಲಿಲ್ಲ.

ವೆಸ್ಟ್, ಓಸ್ಟ್, ಮತ್ತೆ ವೆಸ್ಟ್

ಇವರು ಡೊಂಬಿವಲಿಯಿಂದ ಮುಂಬಯಿಯ ವಿ.ಟಿ. ಸ್ಟೇಶನ್ನಿಗೆ ಲೋಕಲ್ ಗಾಡಿಯಲ್ಲಿ ಮೂವತ್ತು ವರ್ಷ ಓಡಾಡಿ ಆ ವರ್ಷವಷ್ಟೇ ರಿಟೈರ್ ಆಗಿದ್ದರು. ಆಫೀಸು ಬಿಟ್ಟರೂ ಓಡಾಟ ಮೈಯಿಂದ ಇಳಿದಿರಲಿಲ್ಲ. ಪ್ಯಾರಿಸ್ಸಿನಲ್ಲಿ ಎಲ್ಲರೂ ಗೋಪುರ ನೋಡುತ್ತಿದ್ದಾಗ ಇವರು ಬಸ್ಸಿನ ಬಾಗಿಲ ಹತ್ತಿರ ನಿಂತಿದ್ದರು. ಹಡಗಿನಲ್ಲಿ ನದಿ ಸುತ್ತಿಸಿದಾಗ ದಡ ಬರುವ ಎಷ್ಟೋ ಮೊದಲೇ ಎದ್ದು, "ಲಲಿತಾ, ಮುಂದೆ ಬಾ, ಮುಂದೆ ಬಾ" ಎಂದು ನನ್ನನ್ನು ಎಳೆದುಕೊಂಡು ಹೋದರು. ನನಗಾದರೂ ಏನು, ಯಾವ ಚರ್ಚಿನ ಮುಂದೆ ನಿಂತರೂ ಗ್ಯಾಸಿನ ನಾಬ್ ತಿರುಗಿಸಿದ್ದೇನೋ ಇಲ್ಲವೋ ಎಂಬ ಯೋಚನೆ. ಗಂಡ ಹೆಂಡತಿ ಇಬ್ಬರೂ ಒಂದು ಕಡೆ ನಿಲ್ಲುವ ಜನವಲ್ಲ, ಇವರದು ಕಾಲು, ನನ್ನದು ತಲೆ.

ನಮ್ಮ ಹೋಟೆಲು ವೆಸ್ಟ್ ಸ್ಟೇಶನ್ನಿನ ಹತ್ತಿರ. ಬೆಳಿಗ್ಗೆ ನೋಡಿದರೆ ಪ್ಲ್ಯಾಟ್‌ಫಾರಂ ತುಂಬ ಬೆನ್ನಿಗೆ ಚೀಲ ಕಟ್ಟಿಕೊಂಡ ಜನ. ಬೇಸಿಗೆ ಎಂದರೆ ಆ ದೇಶದವರೆಲ್ಲ ಮನೆ ಬಿಟ್ಟು ಗುಡ್ಡ ಹತ್ತುತ್ತಾರೋ ಏನೋ. ಇವರು ಒಮ್ಮೆ ಜನವನ್ನು ನೋಡಿದರು, ಒಮ್ಮೆ ಅತ್ತಿಗೆಯ ಮೊಣಕಾಲನ್ನು ನೋಡಿದರು.

"ಅಕ್ಕ, ಇಲ್ಲಿ ಹತ್ತಿದ್ರೆ ನಿನಗೆ ಸೀಟು ಸಿಗುದಿಲ್ಲ. ರಿಟರ್ನ್ ಬರುವ."

ಊರಿನ ಕಡೆಯ ಓದುಗರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ರಿಟರ್ನ್ ಎಂದರೆ ಹೋಗಿಬರುವ ಟಿಕೆಟ್ ಅಲ್ಲ. ಡೊಂಬಿವಲಿಯಿಂದ ಮುಂಬಯಿಗೆ ಹೋಗಬೇಕಾದವರು ಬೆಳಿಗ್ಗೆ ಉಲ್ಟಾ ಕಲ್ಯಾಣದ ಕಡೆಗೆ ಹೋಗುವ ಗಾಡಿ ಹತ್ತುತ್ತಾರೆ. ಠಾಕುರ್ಲಿ ದಾಟಿ ಕಲ್ಯಾಣ ಮುಟ್ಟಿದರೂ ಇಳಿಯುವುದಿಲ್ಲ. ಅದೇ ಗಾಡಿ ಅಲ್ಲಿಂದ ತಿರುಗಿ ಮುಂಬಯಿಗೆ ಹೊರಡುತ್ತದೆ, ಇವರು ಕೂತಲ್ಲೇ ಕೂತಿರುತ್ತಾರೆ. ಡೊಂಬಿವಲಿಯಲ್ಲಿ ಹತ್ತುವವರು ಬಾಗಿಲಿಗೆ ನೇತಾಡುವಾಗ ಕಿಟಕಿ ಪಕ್ಕ ಕೂತು ಪೇಪರು ಓದುತ್ತಾರೆ. ಇದಕ್ಕೆ 'ರಿಟರ್ನ್ ಬರುವುದು' ಎನ್ನುತ್ತೇವೆ. ಇವರು ರಿಟರ್ನ್ ಬರುವುದರಲ್ಲಿ ಹೆಸರು ಮಾಡಿದವರು.

ನಮ್ಮ ಟೂರಿನಲ್ಲಿ ಹಾರ್ಬರ್ ಲೈನಿನ ನೆರೂಳದಿಂದ ಬಂದ ಒಬ್ಬರು ಮೈಸೂರಿನವರಿದ್ದರು, ಕಂಪ್ಯೂಟರ್ ಕೆಲಸದ ರಾಘವೇಂದ್ರ. ಶಿಖರಕ್ಕೆ ಹೋಗುವ ಗುಂಪಿನ ಜೊತೆ ಅವರೂ ಸ್ಟೇಶನ್ನಿನಲ್ಲಿ ನಿಂತಿದ್ದರು. ಇವರ ಮಾತು ಕೇಳಿ, "ಸಾರ್, ಅದೆಲ್ಲಾ ಇಲ್ಲಿ ಯಾಕೆ? ಇಲ್ಲಿ ಟೈಂಟೇಬಲ್ ನೋಡ್ಕೊಂಡು ಸುಮ್ನೆ ಹೋದ್ರಾಯ್ತು" ಎಂದರು.

ಇವರು ಆಗ ನಕ್ಕು ತಲೆಯಾಡಿಸಿ, ಅವರು ಅತ್ತ ಹೋದ ಮೇಲೆ, "ಹಾರ್ಬರ್ ಲೈನಿನವರಿಗೆ ಎಂತ ಗೊತ್ತುಂಟು ಮಾರಾಯ್ತಿ. ಅವರದ್ದು ಖಾಲಿ ಗಾಡಿ" ಎಂದರು.

ನಾವು ಉಲ್ಟಾ ಗಾಡಿ ಹತ್ತಿ ಮುಂದಿನ ಸ್ಟೇಶನ್ ಓಸ್ಟಿಗೆ ಹೋದೆವು. ಅದೇ ಕೊನೆಯ ಸ್ಟೇಶನ್. ಎಲ್ಲರೂ ಇಳಿದರು, ನಾವು ಇಳಿಯಲಿಲ್ಲ. ನೆಲ ಗುಡಿಸಲು ಬಂದವನು ನಮ್ಮನ್ನು ನೋಡಿ ಏನೋ ಕೇಳಿದ, ಇವರು ಕೈಯಲ್ಲಿ ಗಾಡಿ ತಿರುಗುವ ಹಾಗೆ ಮಾಡಿ ತೋರಿಸಿದರು. ಅವನು ನಗುತ್ತ ಹೋದ. ಸ್ವಲ್ಪ ಹೊತ್ತಿಗೆ ಗಾಡಿ ನಿಜವಾಗಿಯೂ ತಿರುಗಿ ಹೊರಟಿತು. ವೆಸ್ಟ್‌ನಲ್ಲಿ ಜನ ನುಗ್ಗಿ ಬಂದಾಗ ನಾವು ಮೂವರೂ ಕಿಟಕಿ ಪಕ್ಕ ಕಾಲು ಚಾಚಿ ಕೂತಿದ್ದೆವು.

"ನೋಡಿದ್ಯಾ ಅಕ್ಕ? ಡೊಂಬಿವಲಿ-ಕಲ್ಯಾಣ, ಸೇಮ್ ಟು ಸೇಮ್" ಎಂದರು ಇವರು. ಪ್ಯಾರಿಸ್ಸು, ಲಂಡನ್ನು ಯಾವುದಕ್ಕೂ ಅರಳದ ಮುಖ ಅಲ್ಲಿ ಅರಳಿತು.

ಒಬ್ಬ ಹುಡುಗಿ ನಮ್ಮ ಪಕ್ಕ ನಿಂತಿದ್ದಳು. ನಾನು ಅಭ್ಯಾಸದಿಂದ ಒತ್ತಿ ಸರಿದು, ಸೀಟಿನ ತುದಿಯನ್ನು ತಟ್ಟಿ ತೋರಿಸಿದೆ. ನಮ್ಮಲ್ಲಾದರೆ ಮೂವರ ಸೀಟಿನಲ್ಲಿ ನಾಲ್ಕನೆಯವರು ಕೂರುವುದು ಹಕ್ಕು, ಕೇಳಬೇಕಾಗಿಯೂ ಇಲ್ಲ. ಅವಳು ತುಂಬ ನಯವಾಗಿ ಥ್ಯಾಂಕ್ಸ್ ಹೇಳಿ ನಿಂತೇ ಇದ್ದಳು. ಅವಳ ನಾಯಿ ಮಾತ್ರ ನನ್ನ ಕಾಲ ಮೇಲೆ ತಲೆಯಿಟ್ಟು ಮಲಗಿತು. ಒಂದು ಕಡೆ ಕೆರೆ, ಕೆರೆಯೋ ಸಮುದ್ರವೋ ಎನ್ನುವ ಹಾಗೆ ನೀಲಿ. ಅತ್ತಿಗೆ ಅದನ್ನು ನೋಡಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು.

"ಎಂತ ಅತ್ತಿಗೆ, ಮಂತ್ರವಾ?"

"ಅಲ್ಲ. ಅವಳಿಗೆ ಕೇಳುದಿಲ್ಲ ಅಲ್ವಾ. ಬಾಯಿ ನೋಡಿ ತಿಳ್ಕೊಳ್ತಾಳಂತೆ. ಬಾಯಿ ದೊಡ್ಡ ಮಾಡಿ ಮಾತಾಡ್ಲಿಕ್ಕೆ ಪ್ರಾಕ್ಟೀಸ್ ಮಾಡ್ತಿದ್ದೇನೆ."

ಸ್ಪೀಟ್ಸ್

ನಾವು ಹತ್ತಿದ ಗಾಡಿ ಸ್ಪೀಟ್ಸ್ ತನಕ ಮಾತ್ರ. ಅಲ್ಲಿ ಇಳಿದು ಥೂನಿನ ಗಾಡಿ ಹಿಡಿಯಬೇಕು. ಸ್ಟೇಶನ್ ಎತ್ತರದಲ್ಲಿದೆ, ಕೆಳಗೆ ದ್ರಾಕ್ಷಿ ತೋಟ, ಒಂದು ಕೋಟೆ, ದೋಣಿಗಳು. ಚಂದದ ಜಾಗ. ನಮಗೆ ನೋಡುವ ಸಮಾಧಾನ ಇರಲಿಲ್ಲ. ದಕ್ಷಿಣದ ಕಣಿವೆ ಕಡೆಯಿಂದ ಬಂದ ಥೂನಿನ ಗಾಡಿಯಲ್ಲಿ ಸೈಕಲ್ಲು, ಮಕ್ಕಳ ಗಾಡಿ, ಶಾಲೆಯ ಮಕ್ಕಳ ಒಂದು ದಂಡು. ಬಾಗಿಲ ಹತ್ತಿರವೂ ಜನ ನಿಂತಿದ್ದರು. ಸಾಕಷ್ಟು ಜಾಗವಿತ್ತು ಎಂದು ಈಗ ಅನಿಸುತ್ತದೆ. ಡೊಂಬಿವಲಿಯ ಲೆಕ್ಕದಲ್ಲಿ ಅದು ಖಾಲಿ ಗಾಡಿ. ಆದರೆ ಬೆಳಗಿನ ಗೆಲುವು ಇವರ ತಲೆಗೇರಿತ್ತು.

"ಇದು ಬಿಡು. ಮುಂದಿನದ್ದು ಸಾ ಹೀಗೆಯೇ ತುಂಬಿ ಬರ್ತದೆ. ನಾವು ಒಂದು ಸ್ಟೇಶನ್ ಹಿಂದೆ ಹೋಗಿ ರಿಟರ್ನ್ ಬರುವ."

"ಸುಮ್ಮನೆ ಇದಕ್ಕೇ ಹತ್ತುವ ಶೀನ" ಎಂದರು ಅತ್ತಿಗೆ ತಮ್ಮನಿಗೆ. "ನಿಂತು ಹೋಗ್ಲಿಕ್ಕೆ ನನಗೆ ಎಂತದೂ ಆಗುದಿಲ್ಲ."

"ನಿನ್ನ ಕಾಲಿಗೆ ಆಗುದಿಲ್ಲ."

"ನನ್ನ ಕಾಲು ನಿನಗೆ ಮಾತಾಡಿ ಹೇಳಿತಾ?"

ಅಷ್ಟರಲ್ಲಿ ಆ ಗಾಡಿ ಹೋಯಿತು. ಎದುರಿನ ಪ್ಲ್ಯಾಟ್‌ಫಾರಮ್ಮಿಗೆ ಉಲ್ಟಾ ಗಾಡಿ ಬಂದು ನಿಂತಿತ್ತು. ಬಾಗಿಲಲ್ಲಿ ದಪ್ಪ ಬೂಟಿನ ಒಬ್ಬ ಮುದುಕ, ಕೈಯಲ್ಲಿ ಎರಡು ಕೋಲು. ಇವರು ಆತನನ್ನು ಕೇಳಿದರು, "ದಿಸ್ ಟ್ರೈನ್, ರಿಟರ್ನ್?"

"ಯಾ, ಯಾ. ರಿಟರ್ನ್" ಎಂದ ಮುದುಕ. ತನ್ನ ಟಿಕೆಟನ್ನೂ ತೆಗೆದು ತೋರಿಸಿದ. ಹೋಗುವ ಬಾಣ, ಬರುವ ಬಾಣ ಎರಡೂ ಅದರಲ್ಲಿದ್ದವು.

ನಾವು ಹತ್ತಿದೆವು. ಒಳಗೆ ಎಷ್ಟು ಬೇಕೋ ಅಷ್ಟು ಸೀಟು. ಇವರು ಅತ್ತಿಗೆಯನ್ನು ಮುಂದಿನ ದಿಕ್ಕಿಗೆ ಮುಖ ಮಾಡಿ ಕೂರಿಸಿ, ಮತ್ತೆ ಯೋಚನೆ ಮಾಡಿ ಎಬ್ಬಿಸಿ, ಎದುರು ಸೀಟಿನಲ್ಲಿ ಕೂರಿಸಿದರು. ತಿರುಗಿ ಬರುವಾಗ ಅದೇ ಮುಂದಿನ ದಿಕ್ಕಾಗುತ್ತದೆ ಎಂದು.

ಸುರಂಗ

ಮೊದಲು ಒಂದು ಹಳ್ಳಿ ಹೋಯಿತು, ಅಲ್ಲಿ ಗಾಡಿ ನಿಲ್ಲಲಿಲ್ಲ. ಇನ್ನೊಂದು ಹೋಯಿತು, ಅಲ್ಲಿಯೂ ನಿಲ್ಲಲಿಲ್ಲ.

"ಫಾಸ್ಟ್ ಗಾಡಿ" ಎಂದರು ಇವರು.

ಆಮೇಲೆ ಸುರಂಗ ಬಂತು. ನಮಗೆ ಸುರಂಗ ಹೊಸದಲ್ಲ, ನಮ್ಮ ಲೋಕಲ್ಲಿನ ದಾರಿಯ ಪಾರಸಿಕ್ ಸುರಂಗದಲ್ಲಿ ಉಸಿರು ಬಿಗಿಹಿಡಿದು ಬಿಡುವಷ್ಟರಲ್ಲಿ ಮುಂಬ್ರಾ ಕಡೆಯ ಬೆಳಕು ಬರುತ್ತದೆ. ಇದು ಮುಗಿಯಲೇ ಇಲ್ಲ. ಕಿಟಕಿಯಲ್ಲಿ ನಮ್ಮ ಮುಖಗಳೇ ಕಾಣುತ್ತಿದ್ದವು. ಕಿವಿ ಗುಂಯ್ ಎನ್ನತೊಡಗಿತು. ಇವರು ಎದ್ದು ಬಾಗಿಲ ತನಕ ಹೋದರು, ಬಂದರು, ಕೂತರು, ಎದ್ದರು. ಆಮೇಲೆ ಅತ್ತಿಗೆಯ ತೊಡೆಯ ಮೇಲಿದ್ದ ಡಬ್ಬಿ ತೆರೆದು ಒಂದು ಚಕ್ಕುಲಿ ಬಾಯಿಗೆ ಹಾಕಿಕೊಂಡರು. ಸಂಕಟವಾದರೆ ಇವರ ಕೈ ತಿಂಡಿಗೆ ಹೋಗುತ್ತದೆ. ಅಲ್ಲಿಯ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ, ಫೋನೂ ಮಾಡುವುದಿಲ್ಲ. ಆ ನಿಶ್ಶಬ್ದದಲ್ಲಿ ಒಂದು ಚಕ್ಕುಲಿ ಕಡಿದ ಸದ್ದು ಬೋಗಿಯ ತುದಿಯವರೆಗೂ ಹೋಯಿತು. ಪುಸ್ತಕ ಓದುತ್ತಿದ್ದ ಒಬ್ಬಾಕೆ ತಲೆಯೆತ್ತಿದಳು. ಇವರು ಎರಡನೆಯದಕ್ಕೆ ಕೈ ಹಾಕಿದರು.

ಅಕ್ಕ-ತಮ್ಮ ನನ್ನ ಎದುರು ಕನ್ನಡ ಆಡುತ್ತಾರೆ. ಕೋಪ ಬಂದರೆ ತುಳುವಿಗೆ ಇಳಿಯುತ್ತಾರೆ.

"ಉಂದು ಪಿರ ಬರ್ಪುಂಡಾ ಶೀನಾ?" ಎಂದು ಕೇಳಿದರು ಅತ್ತಿಗೆ. ಇದು ತಿರುಗಿ ಬರುತ್ತದಾ ಎಂದು. ಸ್ವರ ಮೆಲ್ಲಗಿತ್ತು.

ಇವರು ಬಾಯಲ್ಲಿದ್ದದ್ದನ್ನು ನುಂಗಿದರು.

ಟಿಕೆಟ್ ನೋಡುವವಳು ಆಗ ಬಂದಳು. ಹೆಗಲಿಗೆ ಕೆಂಪು ಚೀಲ, ನನ್ನ ವಯಸ್ಸಿನವಳು. ನಮ್ಮದು ಇಡೀ ದಿನ ಎಲ್ಲಿ ಬೇಕಾದರೂ ತಿರುಗಬಹುದಾದ ಟಿಕೆಟು, ಅದರಲ್ಲಿ ತಪ್ಪಿರಲಿಲ್ಲ. ಅವಳು ಶುಭಪ್ರಯಾಣ ಹೇಳಿ ಮುಂದೆ ಹೋಗುವವಳನ್ನು ಇವರು ತಡೆದು, ಈ ಗಾಡಿ ಎಲ್ಲಿ ತಿರುಗುತ್ತದೆ ಎಂದು ಕೇಳಿದರು. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ತಿರುಗುವುದೇ? ಇದು ಬೆಟ್ಟದ ಹೊಟ್ಟೆಯೊಳಗಿಂದ ಆಚೆ ಕಣಿವೆಗೆ ಹೋಗುವ ಗಾಡಿ. ನಡುವೆ ಸ್ಟೇಶನ್ನೇ ಇಲ್ಲ. ಆಚೆ ಬದಿಗೆ ವಿಸ್ಪ್ ಎಂಬ ಊರು, ಅಲ್ಲಿ ಇಳಿದು ಬೇರೆ ಗಾಡಿಯಲ್ಲಿ ವಾಪಸ್ ಬರಬೇಕು.

"ಬಟ್ ದಟ್ ಮ್ಯಾನ್ ಸೆಡ್ ರಿಟರ್ನ್" ಎಂದರು ಇವರು.

"ಯೆಸ್. ಹೀ ರಿಟರ್ನ್ಸ್ ಇನ್ ದಿ ಈವ್ನಿಂಗ್" ಎಂದಳು ಅವಳು.

ಇವರು ಡೊಂಬಿವಲಿ, ಕಲ್ಯಾಣ ಎಲ್ಲವನ್ನೂ ಅವಳಿಗೆ ಬಿಡಿಸಿ ಹೇಳಲು ಹೊರಟರು. ನಾನು ನಡುವೆ ಬಾಯಿ ಹಾಕಿ, ಅದು ಬೇಡ, ಥೂನಿನಲ್ಲಿ ಒಬ್ಬರು ಕಾಯುತ್ತಿದ್ದಾರೆ, ಅವರಿಗೆ ಕಿವಿ ಕೇಳುವುದಿಲ್ಲ, ಊಟದ ಹೊತ್ತಿಗೆ ಹೋಗಿಬಿಡುತ್ತಾರೆ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅತ್ತಿಗೆ ಪರ್ಸಿನಿಂದ ಆಶ್ರಮದ ನಂಬರು ತೆಗೆದು ಕೊಟ್ಟರು. ಅವಳು ನಮ್ಮ ಮೂವರ ಮುಖವನ್ನೂ ನೋಡಿ, ಸುರಂಗ ಮುಗಿಯಲಿ ಎಂದು ಅಲ್ಲೇ ನಿಂತಳು.

"ಮೂವತ್ತು ವರ್ಷ ಸೀಟು ಹಿಡಿದದ್ದು ಸಾಕಾಗ್ಲಿಲ್ವಾ ನಿನಗೆ?" ಎಂದರು ಅತ್ತಿಗೆ ತಮ್ಮನಿಗೆ. "ನಾನು ನಿಂತೇ ಬರ್ತಿದ್ದೆ ಮಾರಾಯ. ನಿಂತೇ ಬರ್ತಿದ್ದೆ."

ವಿಸ್ಪ್

ಬೆಳಕು ಬಂದ ಕೂಡಲೇ ಟಿಕೆಟಿನವಳು ಫೋನು ಮಾಡಿದಳು. ಅವರ ಭಾಷೆಯಲ್ಲಿ ಏನೇನೋ ಮಾತಾದವು. ಸ್ವಯಂಸೇವಕರ ಕಾರು ಆಗಲೇ ಆಶ್ರಮದಿಂದ ಹೊರಟಾಗಿದೆಯಂತೆ. ಆತನ ಮೊಬೈಲಿಗೆ ಸುದ್ದಿ ಮುಟ್ಟಿಸಲು ನೋಡುತ್ತಾರಂತೆ. ಆದರೆ ಆತ ರೂತ್ ಒಬ್ಬಳಿಗಾಗಿ ಬಂದವನಲ್ಲ, ಪೇಟೆಯಲ್ಲಿ ಬಿಟ್ಟ ಇನ್ನೂ ಒಂದಿಬ್ಬರು ಮುದುಕರನ್ನು ಊಟಕ್ಕೆ ಮುಟ್ಟಿಸಬೇಕು, ಕಾಯುವುದು ಕಷ್ಟ ಎಂದರಂತೆ. ಇಷ್ಟು ಹೇಳಿ ಅವಳು ನಮ್ಮನ್ನು ವಿಸ್ಪ್‌ನಲ್ಲಿ ಇಳಿಸಿ, ಯಾವ ಪ್ಲ್ಯಾಟ್‌ಫಾರಂ ಎಂದು ಕೈ ತೋರಿಸಿ ಹೋದಳು.

ಸುರಂಗದ ಈಚೆ ಬೇರೆಯೇ ಬೇಸಿಗೆ. ಅಲ್ಲಿ ತಂಪಾಗಿತ್ತು, ಇಲ್ಲಿ ನಮ್ಮ ಮೇ ತಿಂಗಳಿನ ಹಾಗೆ ಬಿಸಿಲು ಚುರುಗುಟ್ಟುತ್ತಿತ್ತು. ಮುಂದಿನ ಗಾಡಿಗೆ ಸಮಯವಿತ್ತು. ಡೊಂಬಿವಲಿಯಲ್ಲಾದರೆ ಅಷ್ಟರಲ್ಲಿ ಎಷ್ಟು ಗಾಡಿ ಬಂದು ಹೋಗುತ್ತಿದ್ದವೋ. ಇವರು ಪ್ಲ್ಯಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಗೆ ನಡೆದರು. ಬೋರ್ಡು ನೋಡಿದರು, ಹಳಿಯ ಕಡೆ ಬಗ್ಗಿ ನೋಡಿದರು. ಹಳದಿ ಗೆರೆ ದಾಟಬೇಡಿ ಎಂದು ಒಬ್ಬರು ಗದರಿದರು. ವಾಪಸ್ ಬಂದು ಅತ್ತಿಗೆಯ ಎದುರು ನಿಂತು ಏನೋ ಹೇಳಲು ನೋಡಿದರು. ಅತ್ತಿಗೆ ನೀರಿನ ಬಾಟಲಿಯನ್ನು ಅವರ ಕೈಗೆ ಕೊಟ್ಟರು. ಇವರು ಕುಡಿದು ಮತ್ತೆ ನಡೆಯಲು ಹೋದರು.

ನಾನು ಡಬ್ಬಿ ತೆರೆದು ನೋಡಿದೆ. ಮೇಲೆ ಜೋಡಿಸಿಟ್ಟಿದ್ದ ಇಡೀ ಚಕ್ಕುಲಿಗಳಲ್ಲಿ ಹೆಚ್ಚಿನವು ಸುರಂಗದಲ್ಲಿ ಖಾಲಿಯಾಗಿದ್ದವು. ಉಳಿದವನ್ನು ಮತ್ತೆ ಸರಿಮಾಡಿ, ಟಿಶ್ಯೂ ಮಡಚಿ ಮೇಲೆ ಹಾಕಿ ಮುಚ್ಚಿದೆ.

"ಅವಳು ಇರುದಿಲ್ಲ ಲಲಿತಾ" ಎಂದರು ಅತ್ತಿಗೆ. "ಅವರಲ್ಲಿ ಊಟ ಅಂದ್ರೆ ಊಟ. ಅವಳೇ ಹೇಳ್ತಿದ್ದಳು. ಬೆಲ್ಲು ಆಯ್ತು ಟಾನಾ, ನಾನು ಹೋದೆ ಅಂತ. ಸಾಹೇಬರು ಲೈನಲ್ಲಿ ಇದ್ರೂ ಹೋಗ್ತಿದ್ದಳು."

ನನಗೂ ಹಾಗೆಯೇ ಅನಿಸುತ್ತಿತ್ತು. ಅವರ ಮೊಣಕಾಲಿನ ಪಟ್ಟಿ ಜಾರಿತ್ತು, ಬಗ್ಗಿ ಕಟ್ಟಿದೆ.

ಗಾಡಿ ಬಂತು. ಸೀಟಿತ್ತು. ಅತ್ತಿಗೆ ಕೂತರು, ನಾನು ಕೂತೆ. ಇವರು ಕೂರಲಿಲ್ಲ. ಪಕ್ಕದಲ್ಲೇ ಖಾಲಿ ಸೀಟಿದ್ದರೂ ಥೂನ್ ಬರುವವರೆಗೆ ಬಾಗಿಲಲ್ಲಿ ನಿಂತು ಬಂದರು. ಇಷ್ಟು ವರ್ಷದಲ್ಲಿ ಇವರು ಸಿಕ್ಕ ಸೀಟು ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಥೂನ್

ಸ್ಪೀಟ್ಸ್ ಬಿಟ್ಟ ಕೂಡಲೇ ನಾವಿಬ್ಬರೂ ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆವು. ಇಳಿಯುವವರು ಒಂದು ಸ್ಟೇಶನ್ ಮೊದಲೇ ಬಾಗಿಲಿಗೆ ಬರಬೇಕು, ಇಲ್ಲವಾದರೆ ಹತ್ತುವವರು ನಮ್ಮನ್ನು ಒಳಗೇ ತಳ್ಳಿಕೊಂಡು ಹೋಗುತ್ತಾರೆ. ಇಲ್ಲಿ ಹಾಗಿಲ್ಲ ಎಂದು ಗೊತ್ತಿದ್ದೂ ಕಾಲು ಕೇಳಲಿಲ್ಲ. ಕೂತಿದ್ದವರೆಲ್ಲ, ಗಾಡಿಗೆ ಏನಾದರೂ ಆಯಿತೇ ಎಂಬಂತೆ ನಮ್ಮನ್ನು ನೋಡಿದರು.

ಬಾಗಿಲು ತೆರೆಯಿತು. ಗಡಿಯಾರ ಕಂಡಿತು. ಮುಳ್ಳು ಊಟದ ಹೊತ್ತನ್ನು ದಾಟಿತ್ತು. ಕೆಳಗೆ ಬೆಂಚು, ಬೆಂಚಿನಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದ ಇಬ್ಬರು ಹುಡುಗಿಯರು. ಗಾಲಿಕುರ್ಚಿ ಇಲ್ಲ, ಯಾರೂ ಇಲ್ಲ.

ಅತ್ತಿಗೆ ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತರು. ನಾನು ಅವರ ಕೈ ಹಿಡಿದೆ. ಇಳಿದ ಜನ ನಮ್ಮ ಎರಡೂ ಬದಿಯಿಂದ ಸರಿದು ಹೋದರು.

ಆಗ ದೂರದಲ್ಲಿ, ಪ್ಲ್ಯಾಟ್‌ಫಾರಮ್ಮಿನ ಆ ತುದಿಯಲ್ಲಿ, ಯಾರೋ ಯಾರನ್ನೋ ಬೈಯುವುದು ಕೇಳಿತು. ಹೆಣ್ಣು ಸ್ವರ. ಕಿವಿ ಕೇಳದವರು ಮಾತಾಡುವ ಹಾಗೆ ಬೇಕಾದದ್ದಕ್ಕಿಂತ ಗಟ್ಟಿ. ನನಗೆ ಅದು ಬರೀ ಗಲಾಟೆ. ಅತ್ತಿಗೆಯ ಕೈ ನನ್ನ ಕೈಯೊಳಗೆ ಬಿಗಿಯಾಯಿತು.

"ಅದು ಅವಳೇ" ಎಂದರು. "ಅವಳೇ ಬೈಯುದು."

ಲಿಫ್ಟಿನ ಬಾಗಿಲಲ್ಲಿ ಎತ್ತರದ ಒಬ್ಬ ಗಂಡಸು ಒಂದು ಗಾಲಿಕುರ್ಚಿಯನ್ನು ಒಳಗೆ ತಳ್ಳುತ್ತಿದ್ದ. ಕುರ್ಚಿಯಲ್ಲಿದ್ದವಳು ಕೈಯೆತ್ತಿ ಬೈಯುತ್ತಲೇ ಇದ್ದಳು. ಅತ್ತಿಗೆ "ರೂತ್, ರೂತ್" ಎಂದು ಕೂಗಿದರು. ಕೂಗಿದರೆ ಕೇಳಬೇಕಲ್ಲ. ಮೊಣಕಾಲು ಮರೆತು ಎರಡು ಹೆಜ್ಜೆ ಓಡಿ ಕಂಬ ಹಿಡಿದು ನಿಂತರು. ಲಿಫ್ಟಿನ ಬಾಗಿಲು ಮುಚ್ಚತೊಡಗಿತು.

ಇವರು ಯಾವಾಗ ಓಡಿದರೋ ನಾನು ನೋಡಲಿಲ್ಲ. ನೋಡಿದಾಗ ಅರ್ಧ ದೂರ ಮುಟ್ಟಿದ್ದರು. ಚೀಲವನ್ನು ಎದೆಗೆ ತಿರುಗಿಸಿಕೊಂಡು, ಒಂದು ಭುಜ ಮುಂದೆ ಮಾಡಿ, ಹೊರಟ ಲೋಕಲ್ಲಿನ ಬಾಗಿಲ ಸರಳು ಹಿಡಿಯಲು ಓಡುವ ಹಾಗೆಯೇ. ಜನ ಪಕ್ಕಕ್ಕೆ ಹಾರಿದರು. ಮುಚ್ಚುತ್ತಿದ್ದ ಸಂದಿಯೊಳಗೆ ಕೈ, ಚೀಲ, ಕಾಲು ಮೂರನ್ನೂ ತುರುಕಿದರು. ಲಿಫ್ಟು ಒಂದು ಗಳಿಗೆ ಯೋಚಿಸಿ ಬಾಗಿಲು ತೆರೆಯಿತು. ಒಳಗಿನ ಗಂಡಸು ಹೆದರಿ ಗೋಡೆಗೆ ಒರಗಿದ. ಇವರು ಏದುಸಿರು ಬಿಡುತ್ತ ಬಾಗಿಲಿಗೆ ಅಡ್ಡ ನಿಂತು ಹಿಂದೆ ತಿರುಗಿ, "ಅಕ್ಕ, ಬಾ, ನಿಧಾನ ಬಾ" ಎಂದರು.

ಅತ್ತಿಗೆ ಕುಂಟುತ್ತ ಹೋಗಿ ಎದುರು ನಿಂತರು. ಕುರ್ಚಿಯಲ್ಲಿ ಬಿಳಿಗೂದಲಿನ, ದಪ್ಪ ಕನ್ನಡಕದ ಒಬ್ಬಳು ಸಣ್ಣ ಹೆಂಗಸು. ನಮ್ಮ ಮೂವರನ್ನೂ ನೋಡಿದಳು, ಗುರುತಿಲ್ಲ. ಗುರುತು ಇರುವುದಾದರೂ ಹೇಗೆ. ಅತ್ತಿಗೆ ಗಾಡಿಯಲ್ಲಿ ಪ್ರಾಕ್ಟೀಸ್ ಮಾಡಿದ್ದೆಲ್ಲ ಮರೆತುಹೋಗಿರಬೇಕು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಬಲಗೈಯನ್ನು ಮೆಲ್ಲಗೆ ಕಿವಿಗೆ ಒಯ್ದು ಫೋನು ಹಿಡಿದ ಹಾಗೆ ಹಿಡಿದರು. ಎಡಗೈಯಲ್ಲಿ ಗಾಳಿಯೊಳಗೆ ಬೋರ್ಡಿನ ವೈರು ಎತ್ತಿ ಸಿಕ್ಕಿಸಿದರು.

ರೂತ್‌ಳ ಬಾಯಿ ತೆರೆದುಕೊಂಡಿತು. ಗಂಡಸು ಗಡಿಯಾರ ತೋರಿಸಿ ಏನೋ ಹೇಳಲು ಬಂದ. ಅವಳು ಅವನ ಕಡೆ ನೋಡದೆ, ಕೈ ಅಡ್ಡ ಹಿಡಿದು ಹೇಳಿದಳು, "ಸೊಲ್ಪಾ ನಿಲ್ಲಿ."

ಪಾಪ, ಆತನಿಗೆ ಏನು ಅರ್ಥವಾಯಿತೋ. ನಿಂತ.

ಸ್ಟೇಶನ್ನಿನ ಅಂಗಡಿಯಲ್ಲಿ ಒಂದು ಕಾಫಿ ಕುಡಿಯುವಷ್ಟು ಹೊತ್ತು ಎಂದು ಆತ ಒಪ್ಪಿದ. ಆಶ್ರಮದ ಸ್ವಯಂಸೇವಕ ಆತನೇ, ನಮ್ಮ ಸುದ್ದಿ ತಲುಪಿತ್ತಂತೆ. ಊಟದ ಹೊತ್ತಿನವರೆಗೆ ಕಾದು, ಇನ್ನೊಂದು ಗಾಡಿ, ಇನ್ನೊಂದು ಗಾಡಿ ಎಂದು ರೂತ್ ಹಟ ಮಾಡಿದ್ದಕ್ಕೆ ಮತ್ತೂ ನಿಂತು, ಕೊನೆಗೆ ಸಾಕಾಗಿ ಕುರ್ಚಿ ತಿರುಗಿಸಿದ್ದಂತೆ. ಬೈಗುಳ ಅದಕ್ಕೇ.

ಅವರಿಬ್ಬರ ಮಾತನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ರೂತ್ ಮಾತಾಡುವಾಗ ಅತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಎದುರಿಗಿದ್ದ ಮುಖ ಅವರಿಗೆ ಹೊಸದು, ಕಣ್ಣು ಮುಚ್ಚಿದರೆ ಮಾತ್ರ ಹಳೆಯ ರೂತ್. ಅತ್ತಿಗೆ ಮಾತಾಡುವಾಗ ರೂತ್ ಕಣ್ಣು ಅಗಲ ಮಾಡಿ, ರೆಪ್ಪೆ ಬಡಿಯದೆ ಅವರ ತುಟಿಗಳನ್ನೇ ನೋಡುತ್ತಿದ್ದಳು. ಒಬ್ಬರು ಪೂರ್ತಿ ಕಿವಿ, ಇನ್ನೊಬ್ಬರು ಪೂರ್ತಿ ಕಣ್ಣು. ಮೊಣಕಾಲಿನ ವಿಷಯ ಬಂತು. ಬೆಕ್ಕಿನ ವಿಷಯ ಬಂತು. ಕಾರ್ಖಾನೆಯ ಜಾಗದಲ್ಲಿ ಈಗ ಏನಿದೆ ಎಂದು ಅವಳು ಕೇಳಿದಳು. ಗಾಜಿನ ದೊಡ್ಡ ಕಟ್ಟಡ, ಒಳಗೆ ರಾತ್ರಿಯಿಡೀ ಫೋನಿನಲ್ಲಿ ಮಾತಾಡುವ ಹುಡುಗ ಹುಡುಗಿಯರು ಎಂದರು ಅತ್ತಿಗೆ. ಇಬ್ಬರೂ ನಕ್ಕರು.

ಆಮೇಲೆ ಅತ್ತಿಗೆ ಡಬ್ಬಿ ತೆಗೆದರು. ರೂತ್ ಒಂದು ಚಕ್ಕುಲಿ ಎತ್ತಿ, ಸುರುಳಿಯನ್ನು ತಿರುಗಿಸಿ ನೋಡಿ, ಕಡಿದಳು. ಕಡಿದವಳು ಜಗಿಯುವುದನ್ನು ನಿಲ್ಲಿಸಿದಳು. ಕಿವಿಯ ಹತ್ತಿರ ಬೆರಳಿಟ್ಟಳು. ಮತ್ತೊಮ್ಮೆ ಕಡಿದಳು. ಹೊರಗಿನ ಸದ್ದು ಒಂದೂ ಮುಟ್ಟದ ಆ ಕಿವಿಗೆ ತನ್ನ ಹಲ್ಲಿನ ಸದ್ದು ಒಳಗಿನಿಂದ ಮುಟ್ಟಿರಬೇಕು.

"ಟಾನಾ" ಎಂದಳು. "ಲೈನ್ ಸರಿ ಇಲ್ಲ."

ಅತ್ತಿಗೆ ಆಗ ಅತ್ತರು. ಇವರು ಎದ್ದು ಕಾಫಿ ಅಂಗಡಿಯ ಹೊರಗೆ ಹೋಗಿ ಟೈಂಟೇಬಲ್ ಓದುತ್ತ ನಿಂತರು.

ಮತ್ತೆ ಹೋಟೆಲು

ವಾಪಸ್ ಬರುವಾಗ ಸೀಟಿತ್ತೋ ಇಲ್ಲವೋ ನನಗೆ ನೆನಪಿಲ್ಲ. ಹೋಟೆಲಿಗೆ ಮುಟ್ಟಿದಾಗ ಬನಿಯನ್ನುಗಳು ಒಣಗಿದ್ದವು. ಶಿಖರದಿಂದ ಬಂದವರು ಮೂಗು ಕೆಂಪು ಮಾಡಿಕೊಂಡು ಹಿಮದ ಸುದ್ದಿ ಹೇಳುತ್ತಿದ್ದರು. ರಾಘವೇಂದ್ರ ಇವರನ್ನು ಕಂಡು, "ಹೇಗಿತ್ತು ಸಾರ್, ಸೀಟ್ ಸಿಕ್ತಾ?" ಎಂದು ಕೇಳಿದರು.

"ಸಿಕ್ಕಿತು" ಎಂದರು ಇವರು. ಅಷ್ಟೇ.

ಊಟಕ್ಕೆ ಟೂರಿನ ಅಡುಗೆಯವರ ಖಿಚಡಿ, ಹಪ್ಪಳ, ನಮ್ಮ ಮಿಡಿ ಉಪ್ಪಿನಕಾಯಿ. ಅತ್ತಿಗೆ ಎರಡನೆಯ ಸಲ ಬಡಿಸಿಕೊಂಡರು. ಕೋಣೆಗೆ ಬಂದು, ಕಾಲಿಗೆ ಎಣ್ಣೆ ಬೇಡ ಲಲಿತಾ, ನಾಳೆ ನೋಡುವ ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದರು. ಹೊರಗೆ ಇನ್ನೂ ಹಗಲಿನ ಹಾಗೆ ಬೆಳಕಿತ್ತು. ಆ ದೇಶದ ಬೇಸಿಗೆಯಲ್ಲಿ ಸೂರ್ಯನಿಗೂ ಮನೆಗೆ ಹೋಗುವ ಅವಸರವಿಲ್ಲ. ಪರದೆ ಎಳೆದು ತಿರುಗಿ ನೋಡುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ನೈಟ್ ಡ್ಯೂಟಿ ಮಾಡಿದ ಹೆಂಗಸು, ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಮಲಗುವವರು, ಅಂದು ಎಲ್ಲರಿಗಿಂತ ಮೊದಲು ಮಲಗಿದರು.

ಇವರು ಮಂಚದ ತುದಿಯಲ್ಲಿ ಕೂತಿದ್ದರು. ಎದ್ದು ಕಿಟಕಿಗೆ ಹೋದರು, ಬಂದರು. ನಾಳೆ ಇಟಲಿಯ ಬಸ್ಸಿಗೆ ಬೇಗ ಹೋಗಿ ಮುಂದಿನ ಸೀಟು ಹಿಡಿಯಬೇಕು ಎನ್ನುತ್ತಾರೆ ಎಂದು ಕಾದೆ, ಎನ್ನಲಿಲ್ಲ. ಚಕ್ಕುಲಿ ಕೊಟ್ಟ ಮೇಲೆ ಡಬ್ಬಿಯ ತಳದಲ್ಲಿ ಒಡೆದ ಚೂರುಗಳು ಉಳಿದಿದ್ದವು. ಅದರಿಂದ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡರು. ಅಕ್ಕನ ಕಡೆ ನೋಡಿದರು. ಆಮೇಲೆ ಅದನ್ನು ಕಡಿಯದೆ, ನಾಲಿಗೆಯ ಮೇಲೆ ಹಾಗೇ ಇಟ್ಟುಕೊಂಡು, ಅದು ತಾನಾಗಿ ಮೆತ್ತಗಾಗುವವರೆಗೆ ಕೂತೇ ಇದ್ದರು.